ಬಿಳಿ ನಾಗರ ಕಂಡಾಗ: ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಂದು ಬಹಿರಂಗ ಪತ್ರ

ಗೆ,
ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು (ವನ್ಯಜೀವಿ) ಹಾಗೂ ಮುಖ್ಯ ವನ್ಯಜೀವಿ ಪರಿಪಾಲಕರು,
ಕರ್ನಾಟಕ ಅರಣ್ಯ ಇಲಾಖೆ, ಅರಣ್ಯ ಭವನ, ಮಲ್ಲೇಶ್ವರಂ, ಬೆಂಗಳೂರು.

ವಿಷಯ: ಬಿಳಿ ನಾಗರಹಾವುಗಳ ಪ್ರದರ್ಶನ ತಡೆದು, ಅವುಗಳನ್ನು ಹಿಡಿದು ಬಿಡುವುದಕ್ಕೆ ಲಿಖಿತ ಕ್ರಮವೊಂದನ್ನು ಹೊರಡಿಸುವ ಬಗ್ಗೆ.

ಮಾನ್ಯರೇ,

ಮುಂಗಾರು ಕಾಲಿಡುವ ಹೊತ್ತಿಗೆ ನಾಡಿನ ಯಾವುದಾದರೊಂದು ಮೂಲೆಯಿಂದ ಬಿಳಿ ನಾಗರಹಾವು ಸಿಕ್ಕಿತೆಂಬ ಸುದ್ದಿ ಬರುತ್ತದೆ. ಬಚ್ಚಲಿನ ಮೋರಿಯಲ್ಲೋ ಕೊಟ್ಟಿಗೆಯ ಗೋಡೆಯ ಸಂದಿಯಲ್ಲೋ ಹಾಲಿನ ಬಣ್ಣದ, ಕೆಂಪು ಕಣ್ಣಿನ ಮರಿಯೊಂದು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ಹಾವು ಹಿಡಿಯುವವರಿಗೆ ಫೋನ್ ಹೋಗುತ್ತದೆ. ಅವರು ಬರುವಷ್ಟರಲ್ಲಿ ಬೀದಿಯೇ ಸೇರಿರುತ್ತದೆ. ಹಿಡಿದ ಮರಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಗುತ್ತದೆ, ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ಹೆಡೆ ಬಿಚ್ಚಲೆಂದು ಡಬ್ಬಿಯನ್ನು ಕುಟ್ಟುತ್ತಾರೆ. ಯಾರೋ ಅರಿಶಿನ, ಕುಂಕುಮ, ಹಾಲು ತರುತ್ತಾರೆ. ಕ್ಯಾಮೆರಾದವರು ಬರುವ ತನಕ ಮರಿಯನ್ನು ಬಿಡುವಂತಿಲ್ಲ. ಕೊನೆಗೆ ಸಂಜೆಯೋ ಮರುದಿನವೋ ಅದನ್ನು ಹತ್ತಾರು ಕಿಲೋಮೀಟರ್ ಆಚೆಯ ಕಾಡಿಗೆ ಒಯ್ದು ‘ಸುರಕ್ಷಿತವಾಗಿ’ ಬಿಟ್ಟರೆಂದು ವರದಿ ಬರುತ್ತದೆ. ಆಮೇಲೆ ಅದು ಬದುಕಿತೋ ಸತ್ತಿತೋ ಎಂದು ಯಾರೂ ಕೇಳುವುದಿಲ್ಲ.

ಹಳ್ಳಿಗಳಲ್ಲಿ ಹಾವಿನ ಕರೆಗಳಿಗೆ ಓಗೊಡುವ ಕೆಲಸದಲ್ಲಿರುವ ನಾವು ಈ ಪತ್ರವನ್ನು ತಮಗೆ ಬರೆಯುತ್ತಿರುವುದು ಒಂದೇ ಮಾತು ಹೇಳಲು. ಮಾಮೂಲಿ ಬಣ್ಣದ ನಾಗರಕ್ಕೆ ಇಂದು ಸಿಗುತ್ತಿರುವ ಅಷ್ಟಿಷ್ಟು ರಕ್ಷಣೆಯೂ ಬಿಳಿ ನಾಗರಕ್ಕೆ ಸಿಗುತ್ತಿಲ್ಲ. ಅದರ ಬಣ್ಣವೇ ಅದಕ್ಕೆ ಮುಳುವಾಗಿದೆ. ಅದನ್ನು ಬೇರೆ ನಾಗರಗಳಂತೆಯೇ ಬೇಗ ಹಿಡಿದು, ಯಾರಿಗೂ ತೋರಿಸದೆ, ಸಿಕ್ಕ ಜಾಗದ ಹತ್ತಿರವೇ ಬಿಡಬೇಕು. ಇದು ಒಳ್ಳೆಯ ಮನಸ್ಸಿನವರ ಮರ್ಜಿಗೆ ಬಿಟ್ಟ ವಿಷಯವಾಗದೆ ಇಲಾಖೆಯ ಲಿಖಿತ ಆದೇಶವಾಗಬೇಕು.

ಮೊದಲು ಈ ಹಾವು ಏನೆಂಬುದು ವಲಯ ಕಚೇರಿಯಿಂದ ಗಸ್ತು ಅರಣ್ಯ ಪಾಲಕರವರೆಗೆ ಎಲ್ಲರಿಗೂ ತಿಳಿದಿರಬೇಕು. ಬಿಳಿ ನಾಗರ ಬೇರೆ ಜಾತಿಯಲ್ಲ, ನಮ್ಮ ಹೊಲದ ಬದುಗಳಲ್ಲಿರುವ ಅದೇ ನಾಗರಹಾವು. ಚರ್ಮಕ್ಕೂ ಕಣ್ಣಿಗೂ ಕಪ್ಪು-ಕಂದು ಬಣ್ಣ ಕೊಡುವ ಮೆಲನಿನ್ ಅದರ ಮೈಯಲ್ಲಿ ತಯಾರಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಳದಿ ಛಾಯೆಯ ಬಣ್ಣಕಣಗಳು ಉಳಿದಿರುವುದರಿಂದ ಅದು ಸುಣ್ಣದ ಬಿಳುಪಿಗಿಂತ ಕೆನೆ ಬಣ್ಣಕ್ಕೆ ಹತ್ತಿರ. ಕಣ್ಣು ಕೆಂಪು ಅಥವಾ ಗುಲಾಬಿ, ನಾಲಿಗೆಯೂ ತಿಳಿ ಗುಲಾಬಿ. ಹೆಡೆಯ ಮೇಲಿನ ಕನ್ನಡಕದ ಗುರುತು ಬೆಳಕಿಗೆ ಹಿಡಿದಂತೆ ನೋಡಿದರೆ ಮಾತ್ರ ಮಸುಕಾಗಿ ಕಾಣುತ್ತದೆ. ಮೈ ಬಿಳಿಯಿದ್ದು ಕಣ್ಣು ಕಪ್ಪಗಿದ್ದರೆ ಅದು ಲ್ಯೂಸಿಸಂ ಎಂಬ ಇನ್ನೊಂದು ಸ್ಥಿತಿ. ಬಿಳಿ ನವಿಲುಗಳು ಈ ಗುಂಪಿಗೆ ಸೇರಿದವು.

ತಪ್ಪು ಗುರುತಿಸುವಿಕೆಯೂ ಸಾಕಷ್ಟಿದೆ. ಬಯಲುಸೀಮೆಯ ಒಣಭೂಮಿಯಲ್ಲಿ ತೀರಾ ತಿಳಿ ಬಣ್ಣದ ಗೋಧಿನಾಗರಗಳು ಇವೆ. ಪೊರೆ ಬಿಡುವ ಮುಂಚೆ ಯಾವ ನಾಗರವಾದರೂ ಮಂಕಾಗಿ, ಬೂದಿ ಹಿಡಿದಂತೆ ಕಾಣುತ್ತದೆ, ಕಣ್ಣಿನ ಮೇಲೆ ನೀಲಿಗಟ್ಟಿದ ಹಾಲುಪರೆ ಬರುತ್ತದೆ. ಅಂಥ ಹಾವಿಗೆ ಆ ದಿನಗಳಲ್ಲಿ ಸರಿಯಾಗಿ ಕಾಣಿಸುವುದಿಲ್ಲ, ಹಾಗಾಗಿ ಸಣ್ಣ ಅಲುಗಾಟಕ್ಕೂ ಕಚ್ಚಲು ಮುಂದಾಗುತ್ತದೆ. ಬಿಳಿ ಹಾವೆಂದು ಅದರ ಮುಂದೆ ಫೋನ್ ಹಿಡಿದು ಕೂರುವವರು ತಮ್ಮ ಜೀವವನ್ನೇ ಒಡ್ಡುತ್ತಿದ್ದಾರೆ. ಬಣ್ಣಕ್ಕೂ ವಿಷಕ್ಕೂ ಸಂಬಂಧವಿಲ್ಲ. ಮೊಟ್ಟೆಯೊಡೆದು ಬಂದ ದಿನದಿಂದಲೇ ಬಿಳಿ ಮರಿಗೂ ವಿಷವಿರುತ್ತದೆ.

ಈ ಗುಣ ಬರುವುದು ಅಪ್ರಬಲ ವಂಶವಾಹಿಯಿಂದ. ತಂದೆ ಹಾವಿನಲ್ಲೂ ತಾಯಿ ಹಾವಿನಲ್ಲೂ ಅದರ ಒಂದೊಂದು ಪ್ರತಿ ಅಡಗಿದ್ದು, ಎರಡೂ ಒಂದೇ ಮರಿಗೆ ದಕ್ಕಿದಾಗ ಮರಿ ಬಿಳಿಯಾಗುತ್ತದೆ. ಹಾಗೆ ದಕ್ಕುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಾಯಿ ತಂದೆ ಎರಡೂ ನೋಡಲು ಮಾಮೂಲಿ ನಾಗರಗಳೇ. ನಾಗರಹಾವು ಒಮ್ಮೆಗೆ ಸಾಮಾನ್ಯವಾಗಿ 12ರಿಂದ 30 ಮೊಟ್ಟೆ ಇಡುತ್ತದೆ, ಸುಮಾರು 60 ದಿನಕ್ಕೆ ಮರಿಗಳು ಹೊರಬರುತ್ತವೆ. ಇದರಿಂದ ಒಂದು ವಿಷಯ ಸ್ಪಷ್ಟ, ಆದರೆ ಸ್ಥಳದಲ್ಲಿ ಯಾರೂ ಅದರ ಕಡೆ ಗಮನ ಕೊಡುವುದಿಲ್ಲ. ಒಂದಡಿಯಷ್ಟು ಉದ್ದದ ಬಿಳಿ ಮರಿ ಸಿಕ್ಕಿದೆ ಎಂದರೆ ಮೊಟ್ಟೆಯಿಟ್ಟ ಜಾಗ ಅಲ್ಲೇ ಹತ್ತಿರದಲ್ಲಿದೆ, ಅದರ ಒಡಹುಟ್ಟಿದವು ಆಸುಪಾಸಿನಲ್ಲೇ ಇವೆ, ಮತ್ತು ಅವುಗಳಲ್ಲಿ ಬಹುಪಾಲು ಮಣ್ಣಿನ ಬಣ್ಣದವು. ಊರಿನ ಕಣ್ಣೆಲ್ಲ ಡಬ್ಬಿಯೊಳಗಿನ ಬಿಳಿ ಮರಿಯ ಮೇಲಿರುವಾಗ, ಬರಿಗಾಲ ಮಕ್ಕಳು ಉಳಿದ ಮರಿಗಳ ನಡುವೆ ನಿಂತಿರುತ್ತಾರೆ. ಜನರನ್ನು ಅಲ್ಲಿಂದ ಮೊದಲು ದೂರ ಕಳಿಸಬೇಕಾದ ಕಾರಣ ಇದೇ. ಜಾಗ ಖಾಲಿಯಾದ ಮೇಲೆ ಕಲ್ಲುಗುಡ್ಡೆ, ಸೌದೆ ರಾಶಿ, ಇಲಿ ಬಿಲ, ಮೆಟ್ಟಿಲ ಕೆಳಗಿನ ಪೊಳ್ಳು, ತೆಂಗಿನ ಸಿಪ್ಪೆಯ ಗುಡ್ಡೆ ಇವನ್ನು ಕೊಕ್ಕೆಯಿಂದ ಸರಿಸಿ ನೋಡಬೇಕು. ಮುಂದಿನ ಎರಡು ಮೂರು ವಾರ ಆ ಮನೆಯವರು ರಾತ್ರಿ ಟಾರ್ಚ್ ಇಲ್ಲದೆ ಹಿತ್ತಲಿಗೆ ಹೋಗಬಾರದು, ನೆಲದ ಮೇಲೆ ಮಲಗಬಾರದು.

ಹಿಡಿಯುವ ಕ್ರಮದ ವಿಷಯಕ್ಕೆ ಬರೋಣ. ಬೆಳೆದ ನಾಗರಕ್ಕೆ ಬೇಕಾದದ್ದು ಒಂದು ಕೊಕ್ಕೆ, ಸುಮಾರು ಮೂರು ಇಂಚು ವ್ಯಾಸದ, ಎರಡು ಮೂರು ಅಡಿ ಉದ್ದದ ಪಿವಿಸಿ ಪೈಪು, ಅದರ ತುದಿಗೆ ಕಟ್ಟಿದ ದಪ್ಪ ಬಟ್ಟೆಯ ಕಡುಬಣ್ಣದ ಚೀಲ. ಪೈಪಿನ ಬಾಯನ್ನು ಗೋಡೆಯ ಬುಡಕ್ಕೆ ತಾಗಿಸಿಟ್ಟು ಕೊಕ್ಕೆಯಿಂದ ಮೆಲ್ಲನೆ ದಾರಿ ತೋರಿಸಿದರೆ ಸಾಕು. ಅಡಗಲು ಕತ್ತಲೆ ಹುಡುಕುವ ಹಾವು ತಾನೇ ಒಳಗೆ ಹೋಗುತ್ತದೆ. ಚೀಲದ ಬಾಯಿ ತಿರುಚಿ ಕಟ್ಟಿ, ಗಾಳಿಯಾಡುವ ಮುಚ್ಚಳದ ಬಕೆಟ್ಟಿನಲ್ಲಿಟ್ಟರೆ ಕೆಲಸ ಮುಗಿಯಿತು. ಬಾಲ ಹಿಡಿದು ಇಡೀ ಮೈಭಾರವನ್ನು ನೇತಾಡಿಸಿದರೆ ಬೆನ್ನುಹುರಿಗೆ ಪೆಟ್ಟಾಗುತ್ತದೆ. ಇಕ್ಕಳದಲ್ಲಿ ಕುತ್ತಿಗೆ ಒತ್ತಿದರೆ ಪಕ್ಕೆಲುಬು ಮುರಿಯುತ್ತದೆ. ನಾಗರದ ಹೆಡೆ ನಿಲ್ಲುವುದೇ ಆ ಎಲುಬುಗಳ ಮೇಲೆ. ಅಂಥ ಹಾವು ಬಿಟ್ಟಾಗ ಹರಿದು ಹೋಗುತ್ತದೆ, ನೋಡಿದವರಿಗೆ ನೆಮ್ಮದಿಯೂ ಆಗುತ್ತದೆ, ಆದರೆ ಬೇಟೆಯಾಡಲಾರದೆ ಬಿಲದಲ್ಲೇ ಸಾಯುತ್ತದೆ. ಕುತ್ತಿಗೆ ಹಿಡಿದು ಬಾಯಿ ತೆರೆಸಿ ಹಲ್ಲು ತೋರಿಸುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ.

ಮರಿಗೆ ಚಿಕ್ಕ ಡಬ್ಬಿ ಸಾಕು. ಗಾಳಿಯ ತೂತುಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಬೇಕು. ಹೊರಗಿನಿಂದ ಚುಚ್ಚಿದರೆ ಒಳಗೆ ಏಳುವ ಚೂಪು ಅಂಚಿಗೆ ಮರಿ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ತೂತು ಎರಡು ಮೂರು ಮಿಲಿಮೀಟರಿಗಿಂತ ದೊಡ್ಡದಿರಬಾರದು. ಒಳಗೆ ಒಣ ಬಟ್ಟೆಯ ತುಂಡು, ಹೊರಗೆ ಸುತ್ತಿದ ಟವೆಲ್ಲು. ಈ ಟವೆಲ್ಲು ಬಿಳಿ ಮರಿಗೆ ಇನ್ನೂ ಮುಖ್ಯ. ಮೆಲನಿನ್ ಇಲ್ಲದ ಕಣ್ಣಿಗೆ ಬೆಳಕಿನಿಂದ ರಕ್ಷಣೆ ಕಡಿಮೆ, ಹಾವಿಗೆ ಮುಚ್ಚಿಕೊಳ್ಳಲು ರೆಪ್ಪೆಯೂ ಇಲ್ಲ. ಹಗಲು ಬಿಸಿಲು, ಕ್ಯಾಮೆರಾದ ದೀಪ, ಹತ್ತಾರು ಫೋನುಗಳ ಫ್ಲ್ಯಾಷು ಅದಕ್ಕೆ ನೇರ ಹಿಂಸೆ. ಅದಕ್ಕಿಂತ ಬೇಗ ಕೊಲ್ಲುವುದು ಬಿಸಿ. ಹಾವು ತನ್ನ ಮೈಬಿಸಿಯನ್ನು ತಾನೇ ಇಳಿಸಿಕೊಳ್ಳಲಾರದು. ಪಾರದರ್ಶಕ ಡಬ್ಬಿಯನ್ನು ಬಿಸಿಲಲ್ಲೋ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಇಟ್ಟರೆ ಕೆಲವೇ ನಿಮಿಷದಲ್ಲಿ ಮರಿ ಸಾಯುತ್ತದೆ. ಆಮೇಲೆ ‘ಬಿಳಿ ಹಾವು ಹೆಚ್ಚು ದಿನ ಬದುಕುವುದಿಲ್ಲ’ ಎಂಬ ಮಾತು ಹುಟ್ಟುತ್ತದೆ.

ಹಾಲು, ಅರಿಶಿನ, ಕುಂಕುಮದ ಬಗ್ಗೆ ಬರೆಯುವಾಗ ನಮಗೆ ಜನರ ನಂಬಿಕೆಯ ಮೇಲೆ ಗೌರವವಿದೆ. ಕರಾವಳಿಯ ನಾಗಬನಗಳು, ಅರಳಿ-ಬೇವಿನ ಕಟ್ಟೆಯ ನಾಗರಕಲ್ಲುಗಳು ಇಲ್ಲದಿದ್ದರೆ ಈ ನಾಡಿನಲ್ಲಿ ಇಷ್ಟು ನಾಗರಗಳು ಉಳಿಯುತ್ತಿರಲಿಲ್ಲ. ಆದರೆ ಪೂಜೆಗೆ ಕಲ್ಲಿದೆ. ಜೀವಂತ ಹಾವಿಗೆ ಹಾಲು ಆಹಾರವಲ್ಲ. ಬಾಯಾರಿದ ಹಾವು ಕುಡಿದರೂ ಅದನ್ನು ಅರಗಿಸಿಕೊಳ್ಳಲಾರದು, ಬಲವಂತವಾಗಿ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಂಕುಮದ ಪುಡಿ ರೆಪ್ಪೆಯಿಲ್ಲದ ಕಣ್ಣಿಗೂ ಮೂಗಿನ ಹೊಳ್ಳೆಗೂ ಹೋಗುತ್ತದೆ. ಇದನ್ನು ಇಲಾಖೆಯವರು ಹೇಳುವುದಕ್ಕಿಂತ ಊರಿನ ಅರ್ಚಕರು, ಹಿರಿಯರು ಹೇಳಿದರೆ ಜನ ಬೇಗ ಒಪ್ಪುತ್ತಾರೆ. ನಾಗರಪಂಚಮಿಗೆ ಮುಂಚೆ ಪ್ರತಿ ವಲಯದಲ್ಲಿ ಅಂಥ ನಾಲ್ಕು ಜನರನ್ನು ಕರೆದು ಮಾತಾಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಎಲ್ಲಿ ಬಿಡಬೇಕು ಎಂಬಲ್ಲೇ ಹೆಚ್ಚು ಹಾನಿ ಆಗುತ್ತಿದೆ. ‘ದಟ್ಟ ಕಾಡಿಗೆ ಬಿಟ್ಟೆವು’ ಎಂಬುದು ಕೇಳಲು ಚೆನ್ನ. ನಾಗರ ದಟ್ಟ ಕಾಡಿಗಿಂತ ಹೊಲ, ಬದು, ಹುತ್ತ, ಇಲಿ ಬಿಲಗಳಿರುವ ಬಯಲಿನಲ್ಲಿ ಬದುಕುವ ಹಾವು. ಅದಕ್ಕೆ ತನ್ನ ನೆಲೆಯ ಪ್ರತಿ ಬಿಲ, ನೀರಿನ ಜಾಗ, ಅಡಗುತಾಣ ಗೊತ್ತಿರುತ್ತದೆ. ಅಪರಿಚಿತ ಜಾಗಕ್ಕೆ ಬಿಟ್ಟಾಗ ಅದು ಒಂದೇ ಸಮ ಅಲೆಯುತ್ತದೆ, ರಸ್ತೆ ದಾಟುತ್ತದೆ, ಬೇರೆಯವರ ಮನೆ ಹೊಕ್ಕು ಹೊಡೆಸಿಕೊಳ್ಳುತ್ತದೆ. ಇದು ಬರೀ ಊಹೆಯಲ್ಲ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗ ಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದಾಗ, ದೂರ ಸಾಗಿಸಿ ಬಿಟ್ಟ ಹಾವು ತನ್ನ ನೆಲೆಯಲ್ಲೇ ಉಳಿದ ಹಾವಿಗಿಂತ ಬಹಳ ಹೆಚ್ಚು ಅಲೆದದ್ದು ಕಂಡುಬಂದಿತ್ತು. ಆ ಅಧ್ಯಯನ ನಡೆದದ್ದು ನಮ್ಮದೇ ರಾಜ್ಯದ ಕಾಡಿನಲ್ಲಿ. ಅದರ ಪಾಠ ಇನ್ನೂ ನಮ್ಮ ತಾಲ್ಲೂಕುಗಳಿಗೆ ಇಳಿದಿಲ್ಲ.

ಹಾಗಾಗಿ ಬಿಡುವ ಜಾಗ ಸಿಕ್ಕ ಜಾಗದಿಂದ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರಿನ ಒಳಗಿರಬೇಕು. ಹುತ್ತ, ಕಲ್ಲುಗುಡ್ಡೆ ಅಥವಾ ಇಲಿ ಬಿಲಗಳಿರುವ ಬದು ಒಳ್ಳೆಯದು. ಕೆರೆ ದಂಡೆಯ ಬಯಲು, ಟಾರು ರಸ್ತೆಯ ಪಕ್ಕ, ಮತ್ತೊಬ್ಬರ ಮನೆಯ ಹಿಂಬದಿ ಬೇಡ. ಮಾಮೂಲಿ ನಾಗರವನ್ನು ಹಗಲಲ್ಲೂ ಬಿಡಬಹುದು. ಬಿಳಿ ಹಾವನ್ನು ಮಾತ್ರ ಮುಸ್ಸಂಜೆ ಕಳೆದ ಮೇಲೆಯೇ ಬಿಡಬೇಕು, ಯಾಕೆಂದರೆ ಹದ್ದು, ಗಿಡುಗ, ನವಿಲು, ಮುಂಗುಸಿಗಳ ಕಣ್ಣಿಗೆ ಅದು ದೂರದಿಂದಲೇ ಬೀಳುತ್ತದೆ. ಚೀಲದ ಬಾಯಿ ಬಿಲದ ಕಡೆ ಇರಲಿ, ಬಿಚ್ಚಿದವರು ಹಿಂದಕ್ಕೆ ಸರಿಯಲಿ. ಟಾರ್ಚ್ ನೇರವಾಗಿ ಹಾಯಿಸಬೇಡಿ, ಹೋಗುವ ಹಾವನ್ನು ಮತ್ತೆ ಎಳೆದು ಹೆಡೆ ಬಿಚ್ಚಿಸಬೇಡಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಅದನ್ನು ಪ್ರಾಮಾಣಿಕವಾಗಿ ಕೇಳುವವರೂ ಇದ್ದಾರೆ: ಕಾಡಿನಲ್ಲಿ ಹೇಗೂ ಬದುಕದ ಈ ಹಾವನ್ನು ಮೃಗಾಲಯಕ್ಕೆ ಕೊಟ್ಟರೆ ಏನು? ಬಿಳಿ ಮರಿಗೆ ಅಪಾಯ ಹೆಚ್ಚೆಂಬುದು ನಿಜ. ಆದರೆ ನಾಗರಹಾವಿನ ಯಾವ ಸಂಸಾರದಲ್ಲೂ ಹೆಚ್ಚಿನ ಮರಿಗಳು ದೊಡ್ಡವಾಗುವುದಿಲ್ಲ, ಅದು ಪ್ರಕೃತಿಯ ಲೆಕ್ಕ. ನಾಲ್ಕೈದು ಅಡಿ ಬೆಳೆದ ಬಿಳಿ ನಾಗರ ಸಿಕ್ಕಿತೆಂದರೆ ಅದು ವರ್ಷಗಟ್ಟಲೆ ಆ ಬಣ್ಣದಲ್ಲೇ ಬೇಟೆಯಾಡಿ, ಹದ್ದಿನ ಕಣ್ಣು ತಪ್ಪಿಸಿ ಬದುಕಿದೆ. ಅದನ್ನು ನಾವು ‘ರಕ್ಷಿಸಿ’ ಪಂಜರಕ್ಕೆ ಹಾಕುವುದು ಅನ್ಯಾಯ. ಅಪರೂಪದ ಬಣ್ಣವನ್ನು ಪಂಜರಕ್ಕೆ ತಂದಾಗ ಏನಾಗುತ್ತದೆಂಬುದನ್ನು ಬಿಳಿ ಹುಲಿಗಳ ಚರಿತ್ರೆ ತೋರಿಸಿದೆ. 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ್ ಎಂಬ ಗಂಡು ಮರಿಯನ್ನು ಮುಂದೆ ಅದರ ಮಗಳೊಂದಿಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆದರು. ಬಣ್ಣ ಉಳಿಸಲು ರಕ್ತಸಂಬಂಧಿಗಳನ್ನೇ ಕೂಡಿಸುತ್ತ ಹೋದದ್ದರಿಂದ ಮೆಳ್ಳೆಗಣ್ಣು, ಬೆನ್ನುಮೂಳೆಯ ವಕ್ರತೆಯಂಥ ತೊಂದರೆಗಳು ತಲೆಮಾರುಗಳಿಗೆ ಅಂಟಿದವು. ಗಾಯವಾದ, ತಾನೇ ಬೇಟೆಯಾಡಲಾಗದ ಹಾವನ್ನು ಪಶುವೈದ್ಯರ ಮಾತಿನ ಮೇಲೆ ಇಟ್ಟುಕೊಳ್ಳುವುದು ಸರಿ. ಬಣ್ಣವೊಂದೇ ಅದಕ್ಕೆ ಕಾರಣವಾಗಬಾರದು.

ಬಣ್ಣದಿಂದ ಕಲಿಯಬೇಕಾದದ್ದು ಬೇರೆ ಇದೆ. ಒಡಿಶಾದ ಸಿಮಿಲಿಪಾಲ ಕಾಡಿನ, ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಮೈ ಕಪ್ಪಗೆ ಕಾಣುವ ಹುಲಿಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಬಣ್ಣ ಅಲ್ಲಿ ಹೆಚ್ಚಲು ಚಿಕ್ಕದಾದ, ಬೇರೆ ಹುಲಿಗಳ ಸಂಪರ್ಕ ಕಳೆದುಕೊಂಡ ಗುಂಪೇ ಹಿನ್ನೆಲೆ ಎಂದು ತೋರಿಸಿತು. ಒಂದೇ ಹೋಬಳಿಯಲ್ಲಿ ಪದೇ ಪದೇ ಬಿಳಿ ನಾಗರ ಕಾಣಿಸುತ್ತಿದ್ದರೆ ಅಲ್ಲಿಯ ಹಾವುಗಳ ಬಗ್ಗೆಯೂ ಅಂಥ ಪ್ರಶ್ನೆ ಕೇಳಬಹುದು. ಆದರೆ ಕೇಳಲು ದಾಖಲೆ ಬೇಕಲ್ಲ! ಈಗ ಇರುವುದು ಕುಣಿಯುವ ಸಂಗೀತ ಹಚ್ಚಿದ ವಿಡಿಯೊಗಳು ಮಾತ್ರ. ದಿನಾಂಕ, ಗ್ರಾಮ, ಉದ್ದ, ಕಣ್ಣಿನ ಬಣ್ಣ, ಬಿಟ್ಟ ಜಾಗ, ನೆರಳಿನಲ್ಲಿ ಫ್ಲ್ಯಾಷ್ ಇಲ್ಲದೆ ತೆಗೆದ ಎರಡು ಫೋಟೊ, ಇಷ್ಟು ಸಾಕು. ಚೀಲದಲ್ಲಿ ಪೊರೆ ಬಿಟ್ಟಿದ್ದರೆ ಅದನ್ನು ಒಣ ಕಾಗದದ ಲಕೋಟೆಯಲ್ಲಿಟ್ಟು ಇಲಾಖೆಗೆ ಒಪ್ಪಿಸಲಿ. ರಕ್ತ ತೆಗೆಯದೆ ವಂಶವಾಹಿ ಪರೀಕ್ಷೆಗೆ ಅದು ಬಳಕೆಗೆ ಬರುತ್ತದೆ. ಗ್ರಾಮದ ಹೆಸರು ಮಾತ್ರ ಹೊರಗೆ ಹೋಗಬಾರದು. ಫೋನಿನ ಫೋಟೊದಲ್ಲಿ ಸ್ಥಳದ ಗುರುತು ಸೇರಿಕೊಂಡಿರುತ್ತದೆ. ಅದೃಷ್ಟ, ನಿಧಿಯ ಆಸೆಗೆ ಹಾವು ಕೊಳ್ಳುವ ದಂಧೆ ಮಣ್ಣುಮುಕ್ಕ ಹಾವಿಗೆ ಏನು ಮಾಡಿದೆಯೆಂದು ತಮ್ಮ ಅಧಿಕಾರಿಗಳಿಗೆ ನಾವು ಹೇಳಬೇಕಿಲ್ಲ.

ಕಾನೂನು ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಹಿಡಿಯುವುದೂ ಸೇರಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ನಾಗರಹಾವು ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಮೊದಲ ಅನುಸೂಚಿಗೆ ಬಂದಿದೆ. ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಸೆಕ್ಷನ್ 39ರ ಪ್ರಕಾರ ಸರ್ಕಾರದ ಆಸ್ತಿಯಾದ ವನ್ಯಪ್ರಾಣಿ ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಪೊಲೀಸರಿಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಕೇಂದ್ರ ಪರಿಸರ ಸಚಿವಾಲಯ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಮಾನವ-ವನ್ಯಜೀವಿ ಸಂಘರ್ಷದ 14 ಮಾರ್ಗಸೂಚಿಗಳಲ್ಲಿ ಹಾವಿಗೇ ಒಂದಿದೆ, ಮಾಧ್ಯಮದೊಂದಿಗಿನ ಸಹಕಾರಕ್ಕೂ ಒಂದಿದೆ. ಇವೆಲ್ಲ ಹಳ್ಳಿಯ ಬಾಗಿಲಿಗೆ ಬಂದು ನಿಲ್ಲುವ ಯುವಕನ ಕೈಗೆ ಕನ್ನಡದ ಒಂದು ಪುಟವಾಗಿ ತಲುಪಿಲ್ಲ ಎಂಬುದೇ ನಮ್ಮ ದೂರು.

ಆ ಯುವಕನನ್ನು ಬೈದು ಪ್ರಯೋಜನವಿಲ್ಲ ಎಂಬುದನ್ನೂ ಹೇಳಬೇಕು. ಹಾವು ಹಿಡಿಯುವ ಬಹುಪಾಲು ಜನ ತಮ್ಮ ಬೈಕಿಗೆ ತಾವೇ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಾರೆ. ವಿಮೆ ಇಲ್ಲ, ಕಚ್ಚಿದರೆ ಆಸ್ಪತ್ರೆ ಖರ್ಚು ಅವರದೇ. ಸೇರಿದ ಜನ ಕೊಡುವ ನೂರಿನ್ನೂರು ರೂಪಾಯಿ, ವಿಡಿಯೊ ನೋಡುವವರಿಂದ ಬರುವ ಹೆಸರು ಬಿಟ್ಟರೆ ಅವರಿಗೆ ಬೇರೆ ಪ್ರತಿಫಲ ಕಾಣುವುದಿಲ್ಲ. ಪ್ರದರ್ಶನದ ಬೇರು ಇರುವುದು ಇಲ್ಲಿ. ಪ್ರತಿ ಕರೆಗೆ ವಿಭಾಗ ಕಚೇರಿಯಿಂದ ನಿಗದಿತ ಪ್ರಯಾಣ ವೆಚ್ಚ, ಒಂದು ಕೊಕ್ಕೆ-ಪೈಪು-ಚೀಲ, ಒಂದು ವಿಮೆ ಕೊಟ್ಟು, ಬದಲಿಗೆ ಪ್ರದರ್ಶನ ಮಾಡುವಂತಿಲ್ಲ ಎಂಬ ಷರತ್ತು ಹಾಕಿದರೆ ಬಹುತೇಕರು ಒಪ್ಪುತ್ತಾರೆ. ಪಕ್ಕದ ಕೇರಳ 2020ರಲ್ಲಿ ಹಾವು ಹಿಡಿಯುವವರಿಗೆ ತರಬೇತಿ, ಪ್ರಮಾಣಪತ್ರ, ಕರೆ ದಾಖಲಿಸುವ ‘ಸರ್ಪ’ ಆ್ಯಪ್‌ನ ವ್ಯವಸ್ಥೆಗೆ ಕೈಹಾಕಿತು. ನಾವು ಅದಕ್ಕಿಂತ ಕಷ್ಟವಾದದ್ದೇನೂ ಕೇಳುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ ಹೀಗಿದೆ. ಬಿಳಿ ನಾಗರವೂ ಸೇರಿದಂತೆ ಅಸಹಜ ಬಣ್ಣದ ಯಾವುದೇ ಹಾವನ್ನು ಹಿಡಿದ ದಿನವೇ, ಒಂದು ಕಿಲೋಮೀಟರಿನೊಳಗೆ, ಪ್ರದರ್ಶನವಿಲ್ಲದೆ ಬಿಡಬೇಕೆಂದು ಕನ್ನಡದಲ್ಲಿ ಒಂದು ಪುಟದ ಸುತ್ತೋಲೆ ಹೊರಡಿಸಿ, ಅದನ್ನು ಎಲ್ಲ ವಲಯ ಕಚೇರಿ, ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆಗಳ ಗೋಡೆಗೆ ಅಂಟಿಸಿ. ಬೇರೆ ಕಡೆಗೆ ಸಾಗಿಸಬೇಕಾದರೆ ವಲಯ ಅರಣ್ಯಾಧಿಕಾರಿಗಳು ಕಾರಣ ಬರೆದು ಸಹಿ ಮಾಡಲಿ. ಹಿಡಿಯುವವರಿಗೆ ತರಬೇತಿ ಮತ್ತು ಪ್ರತಿ ವರ್ಷ ನವೀಕರಿಸುವ ಗುರುತಿನ ಚೀಟಿ ಕೊಡಿ. ಕುತ್ತಿಗೆ ಹಿಡಿದು, ಮುತ್ತಿಟ್ಟು ವಿಡಿಯೊ ಮಾಡಿದವರ ಚೀಟಿ ರದ್ದಾಗಲಿ. ಇಲಾಖೆಯ 1926 ಸಹಾಯವಾಣಿಯಲ್ಲಿ ಕೂರುವವರಿಗೆ, ಬಿಳಿ ಹಾವೆಂದು ಕರೆ ಬಂದಾಗ ಹೇಳಬೇಕಾದ ಮಾತುಗಳನ್ನು ಬರೆದುಕೊಡಿ: ಹತ್ತು ಅಡಿ ದೂರ ನಿಲ್ಲಿ, ಅದು ಎಲ್ಲಿ ಹೋಗುತ್ತದೆಂದು ಒಬ್ಬರೇ ನೋಡುತ್ತಿರಿ, ಮಕ್ಕಳನ್ನು ಒಳಗೆ ಕಳಿಸಿ, ಫೋಟೊ ಯಾರಿಗೂ ಕಳಿಸಬೇಡಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು ಬೇಡ; ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ ಎಂಬುದನ್ನೂ ಸೇರಿಸಿ. ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ರೋಗವೆಂದು, ಅಂದರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು, ಘೋಷಿಸಿದ ರಾಜ್ಯ ನಮ್ಮದು. ಆರೋಗ್ಯ ಇಲಾಖೆ ಅಷ್ಟು ಮುಂದೆ ಬಂದಿರುವಾಗ, ಜನರನ್ನು ಹಾವಿನ ಸುತ್ತ ಸೇರಿಸುವ ಪ್ರದರ್ಶನಗಳನ್ನು ಅರಣ್ಯ ಇಲಾಖೆ ಸುಮ್ಮನೆ ನೋಡುತ್ತಿರಬಾರದು.

ಸುದ್ದಿವಾಹಿನಿಗಳಲ್ಲಿ ಕೆಲಸ ಮಾಡುವ ಸ್ನೇಹಿತರಿಗೂ ಇದೇ ಪತ್ರದಲ್ಲಿ ಎರಡು ಮಾತು. ಬಿಳಿ ನಾಗರದ ಸುದ್ದಿ ಮಾಡಬೇಡಿ ಎನ್ನುವುದಿಲ್ಲ. ಹಾವು ಬಿಟ್ಟಾದ ಮೇಲೆ ಮಾಡಿ, ಊರಿನ ಹೆಸರು ಬಿಟ್ಟು ಜಿಲ್ಲೆಯ ಹೆಸರಷ್ಟೇ ಹಾಕಿ, ಕ್ಯಾಮೆರಾಗಾಗಿ ಮತ್ತೊಮ್ಮೆ ಡಬ್ಬಿ ತೆರೆಸಬೇಡಿ.

ಏಪ್ರಿಲ್‌ನಿಂದ ನಾಗರಗಳು ಮೊಟ್ಟೆಯಿಡುತ್ತವೆ, ಮಳೆಗಾಲದ ಮೊದಲ ತಿಂಗಳುಗಳಲ್ಲಿ ಮರಿಗಳು ಹೊರಬರುತ್ತವೆ. ಸುತ್ತೋಲೆ ಅದಕ್ಕೂ ಮುಂಚೆ ವಲಯ ಕಚೇರಿಗಳಿಗೆ ತಲುಪಬೇಕು. ಅದರ ಕರಡು ಬರೆಯಲು, ತರಬೇತಿಗೆ ಬಂದು ನಿಲ್ಲಲು, ತಮ್ಮ ಸಿಬ್ಬಂದಿಗೆ ಪೈಪು-ಚೀಲದ ಕ್ರಮ ತೋರಿಸಿಕೊಡಲು ನಾವು ಯಾವ ಸಂಭಾವನೆಯನ್ನೂ ಕೇಳದೆ ಸಿದ್ಧರಿದ್ದೇವೆ. ತಮ್ಮ ಲಿಖಿತ ಉತ್ತರಕ್ಕೆ ಕಾಯುತ್ತಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಾವು ಹಿಡಿದು ಬಿಡುವ ಕೆಲಸದಲ್ಲಿರುವ ಬಯಲುಸೀಮೆಯ ಗೆಳೆಯರು